ಸ್ವಭಾವಕ್ಕೆ ಮಿತಿ ಹೊರಗಿನದೇ?

ಹೊರಗಿನಿಂದ ಹಾಕಿದ ಮಿತಿಯು ಒಂದು ವಸ್ತುವಿನ ಸ್ವಭಾವವನ್ನು ಕುಗ್ಗಿಸುತ್ತದೆಯೋ ಅಥವಾ ಸ್ವಭಾವವು ಪ್ರಕಟವಾಗುವುದಕ್ಕೇ ಮಿತಿಯೊಂದು ಬೇಕೋ ಎಂಬುದು ವ್ರತನಿಯಮಗಳ ಕುರಿತ ಚಿಂತನೆಯಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ. ಮನುಷ್ಯರ ವಿಷಯದಲ್ಲಿ ಇದನ್ನು ಎತ್ತಿದರೆ ಇಷ್ಟಾನಿಷ್ಟಗಳು ಅಡ್ಡ ಬರುವುದರಿಂದ, ಇಚ್ಛೆಯೇ ಇಲ್ಲದ ಎಲ್‌ಇಡಿ ದೀಪದಲ್ಲಿ ಮೊದಲು ಪರೀಕ್ಷಿಸಿ ನೋಡುವುದು ಅನುಕೂಲ.

ಹಳೆಯ ಬಲ್ಬಿನ ಟಂಗ್‌ಸ್ಟನ್ ತಂತಿ ಕಾದು ಬೆಳಗುವಾಗ ಅದರ ರೋಧ ತಣ್ಣಗಿದ್ದಾಗಿನದರ ಹತ್ತು ಪಟ್ಟನ್ನೂ ಮೀರುವುದರಿಂದ ಪ್ರವಾಹವು ತಾನಾಗಿಯೇ ಒಂದು ನೆಲೆಗೆ ಬಂದು ನಿಲ್ಲುತ್ತದೆ. ಎಲ್‌ಇಡಿಗೆ ಇಂಥ ಒಳಗಿನ ಕಡಿವಾಣವಿಲ್ಲ. ಅದರ ಅರೆವಾಹಕ ಸಂಧಿಯಲ್ಲಿ, ಅಂದರೆ ಎರಡು ಬಗೆಯ ಅರೆವಾಹಕಗಳು ಕೂಡುವ ಬೆಳಕಿನ ನೆಲೆಯಲ್ಲಿ, ವೋಲ್ಟೇಜು ತುಸುವೇ ಏರಿದರೂ ಪ್ರವಾಹ ಬಹಳವಾಗಿ ಏರುತ್ತದೆ. ಬಿಸಿಯಾದ ಸಂಧಿಗೆ ಅಷ್ಟೇ ಪ್ರವಾಹಕ್ಕೆ ಮೊದಲಿಗಿಂತ ಕಡಿಮೆ ವೋಲ್ಟೇಜು ಸಾಕಾಗುವುದರಿಂದ, ಸ್ಥಿರ ವೋಲ್ಟೇಜಿಗೆ ನೇರವಾಗಿ ಜೋಡಿಸಿದ ದೀಪವು ಬಿಸಿಯಾದಷ್ಟೂ ಹೆಚ್ಚು ಸೆಳೆದು, ಸೆಳೆದಷ್ಟೂ ಬಿಸಿಯಾಗಿ, ಕೊನೆಗೆ ಸುಟ್ಟುಹೋಗಬಹುದು.

ಆದ್ದರಿಂದಲೇ ಸ್ಥಿರಪ್ರವಾಹ ಡ್ರೈವರ್ ಬೇಕಾಗುತ್ತದೆ. ಇದು ದೀಪದ ಪ್ರವಾಹವನ್ನು ಸಣ್ಣ ರೋಧಕವೊಂದರ ಮೂಲಕ ಹರಿಸಿ, ಆ ರೋಧಕದ ತುದಿಗಳ ನಡುವಣ ವೋಲ್ಟೇಜನ್ನು ಅಳೆದು, ಪ್ರವಾಹವು ಗೊತ್ತುಮಾಡಿದ ಮಟ್ಟದಲ್ಲೇ ಉಳಿಯುವಂತೆ ಔಟ್‌ಪುಟ್ಟನ್ನು ಏರಿಳಿಸುವ ಸರ್ಕ್ಯೂಟ್. ಆ ಮಟ್ಟವನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿ ನಿಗದಿಮಾಡುವ ಪ್ರೀಸೆಟ್ ಹೊಂದಾಣಿಕೆಯ ಡ್ರೈವರಿನಲ್ಲಿ ಇರುತ್ತದೆ. ಬಲ್ಲವರು ಪ್ರೀಸೆಟ್ಟನ್ನು ಕನಿಷ್ಠಕ್ಕೆ ಇಳಿಸಿ, ದೀಪದೊಂದಿಗೆ ಸರಣಿಯಲ್ಲಿ ಮಲ್ಟಿಮೀಟರ್ ಜೋಡಿಸಿ, ಆಮೇಲೆ ಸ್ವಿಚ್ ಹಾಕಿ ನಿಧಾನವಾಗಿ ಏರಿಸುತ್ತಾರೆ. ಚಾಲೂ ಇರುವ ಡ್ರೈವರಿಗೆ ದೀಪವನ್ನು ತಗುಲಿಸುವುದಿಲ್ಲ, ಏಕೆಂದರೆ ಹೊರೆಯಿಲ್ಲದಾಗ ಗರಿಷ್ಠ ವೋಲ್ಟೇಜಿಗೆ ಏರಿ ನಿಂತ ಔಟ್‌ಪುಟ್ ಕೆಪಾಸಿಟರ್, ನಿಯಂತ್ರಣ ಎಚ್ಚೆತ್ತುಕೊಳ್ಳುವ ಮೊದಲೇ ತನ್ನಲ್ಲಿರುವುದನ್ನೆಲ್ಲ ದೀಪಕ್ಕೆ ಸುರಿದುಬಿಡುತ್ತದೆ.

ಇಲ್ಲಿ ಮಿತಿ ಹೊರಗಿನದು ಎನ್ನುವುದು ಅರ್ಧ ಮಾತ್ರ ನಿಜ. ಒಂದು ವಾಟಿನ ಬಿಳಿ ಎಲ್‌ಇಡಿಗೆ ಸಾಮಾನ್ಯವಾಗಿ ಹೇಳುವ 350 ಮಿಲಿಆಂಪಿಯರ್ ಎಂಬ ಅಳತೆಯನ್ನು ಜಾರಿಗೆ ತರುವುದು ಡ್ರೈವರಾದರೂ ಅದು ಹುಟ್ಟಿದ್ದು ದೀಪದ ಸ್ವಭಾವದಲ್ಲಿ. ಅದೇ ಅಳತೆಯನ್ನು 20 ಮಿಲಿಆಂಪಿಯರಿನ ಪುಟ್ಟ ಇಂಡಿಕೇಟರ್ ದೀಪಕ್ಕೆ ಹೇರಿದರೆ ನಿಯಮ ಚಾಚೂ ತಪ್ಪದೆ ನಡೆಯುತ್ತದೆ, ದೀಪ ಮಾತ್ರ ಉಳಿಯುವುದಿಲ್ಲ. ನಿಯಮಪಾಲನೆಯನ್ನೇ ಧರ್ಮವೆಂದು ಬಗೆಯುವವರು ಈ ಪುಟ್ಟ ದೀಪದ ಗತಿಯನ್ನು ಗಮನಿಸಬೇಕು.

ಜೈನರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಶ್ರಾವಕರಿಗೆ, ಎಂದರೆ ಗೃಹಸ್ಥರಿಗೆ, ವಿಧಿಸುವ ದಿಗ್ವ್ರತವನ್ನು ಈ ಹಿನ್ನೆಲೆಯಲ್ಲಿ ನೋಡಬಹುದು. ಯಾವ ದಿಕ್ಕಿನಲ್ಲಿ ಎಷ್ಟು ದೂರದವರೆಗೆ ತನ್ನ ವ್ಯವಹಾರ ಎಂಬುದನ್ನು ಜೀವನಪರ್ಯಂತ ಗೊತ್ತುಪಡಿಸಿಕೊಳ್ಳುವುದು ದಿಗ್ವ್ರತ. ಇದರ ಅತಿಚಾರಗಳಲ್ಲಿ, ಅಂದರೆ ವ್ರತವನ್ನು ಮಲಿನಗೊಳಿಸುವ ಲೋಪಗಳಲ್ಲಿ, ಕ್ಷೇತ್ರವೃದ್ಧಿ ಎಂಬುದೊಂದಿದೆ. ಒಂದು ದಿಕ್ಕಿನಲ್ಲಿ ಕಳೆದುದನ್ನು ಇನ್ನೊಂದಕ್ಕೆ ಸೇರಿಸಿಕೊಳ್ಳುವುದು ಎಂದು ಕೆಲವು ವ್ಯಾಖ್ಯಾನಗಳು ಅದನ್ನು ವಿವರಿಸುತ್ತವೆ. ಮೊತ್ತ ಮೀರಿಲ್ಲ, ಆದರೂ ವ್ರತ ಕೆಟ್ಟಿದೆ. ಎರಡು ಎಲ್‌ಇಡಿಗಳನ್ನು ಸಮಾನಾಂತರವಾಗಿ ಜೋಡಿಸಿ ಡ್ರೈವರನ್ನು 700 ಮಿಲಿಆಂಪಿಯರಿಗೆ ನಿಗದಿಮಾಡಿದಾಗ ಆಗುವುದೂ ಇದೇ: ಎರಡರಲ್ಲಿ ಒಂದರ ತಂತಿ ಕಡಿದರೆ ಪೂರ್ತಿ 700 ಉಳಿದೊಂದರ ಮೇಲೆ ಬೀಳುತ್ತದೆ, ಮೊತ್ತವನ್ನಷ್ಟೇ ಬಲ್ಲ ಡ್ರೈವರಿಗೆ ಅದರಲ್ಲಿ ಯಾವ ಲೋಪವೂ ಕಾಣುವುದಿಲ್ಲ. ಸರಣಿಯಲ್ಲಿ ಜೋಡಿಸಿದ್ದರೆ ಒಂದೇ ಪ್ರವಾಹ ಎರಡರಲ್ಲೂ ಹರಿಯುವುದರಿಂದ ಈ ತೊಡಕು ಏಳುವುದಿಲ್ಲ.

ಹೋಲಿಕೆ ಮುರಿಯುವುದು ದೇಶವ್ರತದಲ್ಲಿ. ದಿಗ್ವ್ರತದ ಮಿತಿಯನ್ನು ನಿಯತ ಕಾಲಕ್ಕೆ ಇನ್ನೂ ಕಿರಿದುಮಾಡಿಕೊಳ್ಳುವುದು ದೇಶವ್ರತವಾಗಿದ್ದು, ಅಲ್ಲಿ ಮಿತಿ ಇಳಿಸುವವನೂ ಅದಕ್ಕೆ ಒಳಪಡುವವನೂ ಒಬ್ಬನೇ. ಪ್ರವಾಹವನ್ನಷ್ಟೇ ಅಳೆಯುವ ಸಾದಾ ಡ್ರೈವರಿಗೆ ದೀಪದ ಬಿಸಿ ತಿಳಿಯದು. ಹೀಟ್‌ಸಿಂಕ್ ಸಡಿಲಗೊಂಡು ಸಂಧಿ ಬೇಯುತ್ತಿದ್ದರೂ ಅದು 350 ಮಿಲಿಆಂಪಿಯರನ್ನು ನಿಷ್ಠೆಯಿಂದ ಹರಿಸುತ್ತಲೇ ಇರುತ್ತದೆ, ಪ್ರೀಸೆಟ್ಟನ್ನು ಇಳಿಸಬೇಕಾದವರು ದೀಪವೂ ಅಲ್ಲದ, ಡ್ರೈವರೂ ಅಲ್ಲದ ಮೂರನೆಯವರು.