ಬಣ್ಣ ಹಿಡಿಯದಿದ್ದರೆ ಇಲ್ಲವೆಂದೇ?

ಮೆದುಳಿನ ತೆಳುವಾದ ಸೆಕ್ಷನ್ ಒಂದನ್ನು ಬಣ್ಣ ಹಾಕದೆ ಸಾಮಾನ್ಯ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಕಣ್ಣಿಗೆ ಸಿಗುವುದು ಬಹಳ ಕಡಿಮೆ. ಅದು ನೀರು ತುಂಬಿದ, ಬೆಳಕನ್ನು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ರೀತಿ ಹಾಯಗೊಡುವ ವಸ್ತು. ನರಕೋಶವೆಂದು ಪಠ್ಯಪುಸ್ತಕಗಳಲ್ಲಿ ನಾವು ನೋಡಿದ ಚಿತ್ರಗಳ ಹಿಂದೆ ಯಾವುದೋ ಒಂದು ಬಣ್ಣವಿದೆ. ಅದು ಯಾವುದಕ್ಕೆ ಅಂಟುತ್ತದೆ, ಯಾವುದನ್ನು ಬಿಟ್ಟು ಹೋಗುತ್ತದೆ ಎಂಬ ರಸಾಯನಶಾಸ್ತ್ರವಿದೆ. ಇದನ್ನು ಪ್ರಯೋಗಾಲಯದ ವಿವರವೆಂದು ಬದಿಗಿಡುವುದೇ ರೂಢಿ. ನನಗೆ ಅದು ಒಪ್ಪಿಗೆಯಿಲ್ಲ. ಕಂಡದ್ದನ್ನು ಹೇಳುವಾಗ ಯಾವುದರಿಂದ ಕಂಡೆವು ಎಂಬುದನ್ನು ಬಿಟ್ಟುಬಿಟ್ಟರೆ ಆ ಮಾತು ಅರ್ಧಕ್ಕೇ ನಿಲ್ಲುತ್ತದೆ. 'ಕಾಣಲಿಲ್ಲ' ಎಂಬುದನ್ನು 'ಇಲ್ಲ' ಎಂದು ಹೇಳಿದಾಗಲಂತೂ ಅದು ಸುಳ್ಳೇ ಆಗಬಹುದು.

ಮೆದುಳಿನ ಕೋಶಗಳ ನಡುವಿನ ಜಾಗಕ್ಕೆ ಆದದ್ದು ಇದೇ. 1950ರ ದಶಕದಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಮೆದುಳಿನ ಅಂಗಾಂಶವನ್ನು ತೋರಿಸಿದಾಗ ಕೋಶಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ನಡುವೆ ಸುಮಾರು 20 ನ್ಯಾನೊಮೀಟರಿನ ಸಂದು ಮಾತ್ರ. ಹೊರಗೆ ಹೇಳಿಕೊಳ್ಳುವಂಥ ಜಾಗವೇ ಇಲ್ಲವೆಂದು ಹಲವರು ನಂಬಿದರು. ಆದರೆ ಆ ಚಿತ್ರಕ್ಕಾಗಿ ಅಂಗಾಂಶವನ್ನು ರಾಸಾಯನಿಕದಲ್ಲಿ ಗಟ್ಟಿ ಮಾಡಿ, ನೀರನ್ನೆಲ್ಲ ತೆಗೆದು, ರೆಸಿನ್ನಿನಲ್ಲಿ ಕೂರಿಸಿರುತ್ತಿದ್ದರು. ಆಮ್ಲಜನಕ ತಪ್ಪಿದ ಕೋಶಗಳು ಸುತ್ತಲಿನ ದ್ರವವನ್ನು ಒಳಗೆಳೆದುಕೊಂಡು ಊದಿಕೊಳ್ಳುತ್ತವೆ. 1965ರಲ್ಲಿ ವಾನ್ ಹ್ಯಾರೆವೆಲ್ಡ್ ಮತ್ತು ಸಂಗಡಿಗರು ಅಂಗಾಂಶವನ್ನು ತಟ್ಟನೆ ಹೆಪ್ಪುಗಟ್ಟಿಸಿ ನೋಡಿದಾಗ ಆ ಜಾಗ ಕಾಣಿಸಿಕೊಂಡಿತು. 1981ರಲ್ಲಿ ಚಾರ್ಲ್ಸ್ ನಿಕಲ್ಸನ್ ಮತ್ತು ಫಿಲಿಪ್ಸ್ ಯಾವ ಬಣ್ಣವನ್ನೂ ಬಳಸದೆ, ಅಯಾನುಗಳು ಹರಡುವ ಬಗೆಯನ್ನು ಅಳೆದರು. ಮೆದುಳಿನ ಗಾತ್ರದಲ್ಲಿ ಸುಮಾರು ಐದನೇ ಒಂದು ಪಾಲು ಕೋಶಗಳ ಹೊರಗಿದೆ ಎಂಬುದು ಇಂಥ ಅಳತೆಗಳಿಂದ ಸ್ಪಷ್ಟವಾಯಿತು. 2018ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಒಂದು ತಂಡ ಕೋಶಗಳಿಗೆ ಬಣ್ಣ ಹಾಕುವುದನ್ನೇ ಕೈಬಿಟ್ಟು, ಹೊರಗಿನ ದ್ರವಕ್ಕೆ ಹೊಳೆಯುವ ಬಣ್ಣ ಬೆರೆಸಿತು. ಜೀವಂತ ಅಂಗಾಂಶದಲ್ಲಿ ಕೋಶಗಳು ಕಪ್ಪು ನೆರಳುಗಳಾದವು, ಜಾಗ ಬೆಳಗಿತು.

ಕಾಣದ್ದನ್ನು ಇಲ್ಲವೆನ್ನುವುದು ಯಾವಾಗ ಸರಿ ಎಂಬ ಪ್ರಶ್ನೆ ಹಳೆಯದು. ನಮ್ಮಲ್ಲಿ ಕುಮಾರಿಲ ಭಟ್ಟರ ಪಂಥದ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಅಂದರೆ ಕಾಣದಿರುವಿಕೆಯನ್ನು, ಅರಿವಿನ ಒಂದು ಪ್ರತ್ಯೇಕ ಪ್ರಮಾಣವೆಂದು ಒಪ್ಪಿದವರು. ನೆಲದ ಮೇಲೆ ಮಡಕೆ ಕಾಣದಿದ್ದರೆ ಮಡಕೆ ಇಲ್ಲವೆಂಬ ಅರಿವು ಆ ಕಾಣದಿರುವಿಕೆಯಿಂದಲೇ ಹುಟ್ಟುತ್ತದೆ. ಆದರೆ ಇದಕ್ಕೆ ಅವರು ಹಾಕಿದ ಕಟ್ಟುಪಾಡು ದೊಡ್ಡದು. ಮಡಕೆ ಇದ್ದಿದ್ದರೆ ಕಾಣಲೇಬೇಕಾಗಿದ್ದ ಸ್ಥಿತಿಯಲ್ಲಿ ನಾವಿರಬೇಕು. ಕತ್ತಲಲ್ಲಿ ಕಾಣದ ಮಡಕೆಯ ಬಗ್ಗೆ ಏನೂ ಹೇಳುವಂತಿಲ್ಲ. ಪರಮಾಣುವಿನಂಥ ಕಣ್ಣಿಗೆ ನಿಲುಕದ ವಸ್ತುವಿಗೂ ಇದು ಸಲ್ಲದು. ಯೋಗ್ಯಾನುಪಲಬ್ಧಿ ಎಂದು ಕರೆಯುವ ಈ ನಿಯಮ ಪ್ರಯೋಗಾಲಯದ ಗೋಡೆಗೆ ಬರೆದಿಡಬೇಕಾದಷ್ಟು ಕಟ್ಟುನಿಟ್ಟಾದದ್ದು. 'ಇಲ್ಲ' ಎನ್ನುವ ಹಕ್ಕು ಬರಬೇಕಾದರೆ 'ಇದ್ದಿದ್ದರೆ ಈ ಬಣ್ಣದಲ್ಲಿ ಕಾಣುತ್ತಿತ್ತು' ಎಂಬುದನ್ನು ಮೊದಲು ಸಾಧಿಸಬೇಕು.

ಮೆದುಳಿನ ಕೋಶಗಳ ಹೊರಗಿನ ಆ ಜಾಗದಲ್ಲಿ ಬರೀ ನೀರಿಲ್ಲ. ಹಯಲುರೋನನ್ ಎಂಬ ಉದ್ದನೆಯ ಸಕ್ಕರೆ ಸರಪಣಿಗಳು, ಅವಕ್ಕೆ ಕಚ್ಚಿಕೊಂಡ ಆಗ್ರಿಕಾನ್‌ನಂಥ ಪ್ರೋಟೀನುಗಳು, ಆ ಪ್ರೋಟೀನುಗಳಿಂದ ಇಳಿಬಿದ್ದ ಕಾಂಡ್ರಾಯ್ಟಿನ್ ಸಲ್ಫೇಟ್ ಎಳೆಗಳು ಸೇರಿ ಎಕ್ಸ್‌ಟ್ರಾಸೆಲ್ಯುಲಾರ್ ಮ್ಯಾಟ್ರಿಕ್ಸ್ ಆಗಿದೆ. ಕೆಲವು ನರಕೋಶಗಳ ಸುತ್ತ ಇದು ದಟ್ಟವಾಗಿ, ಸಂಪರ್ಕಬಿಂದುಗಳ ಜಾಗದಲ್ಲಷ್ಟೇ ಕಿಂಡಿ ಬಿಟ್ಟು, ಬಲೆಯಾಗುತ್ತದೆ. ಇಟಲಿಯ ಕ್ಯಾಮಿಲ್ಲೊ ಗಾಲ್ಜಿ 1890ರ ದಶಕದಲ್ಲಿ ಈ ಬಲೆಯನ್ನು ವರ್ಣಿಸಿದರು. ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಅದನ್ನು ತಳ್ಳಿಹಾಕಿದರು: ಅಂಗಾಂಶವನ್ನು ತಯಾರಿಸುವಾಗ ಹೊರಗಿನ ದ್ರವ ಹೆಪ್ಪುಗಟ್ಟಿ ಮೂಡಿದ ಆಕಾರ ಅದು, ಮೆದುಳಿನದ್ದಲ್ಲ ಎಂದು. ನರಕೋಶಗಳು ಬಿಡಿಬಿಡಿಯಾದ ಘಟಕಗಳೆಂಬ ತಮ್ಮ ಸಿದ್ಧಾಂತವನ್ನು ಕಹಾಲ್ ಕಟ್ಟಿದ್ದು ಗಾಲ್ಜಿಯವರೇ 1873ರಲ್ಲಿ ಪ್ರಕಟಿಸಿದ ಬೆಳ್ಳಿಯ ಬಣ್ಣದಿಂದ. ಆ ಬಣ್ಣ ಸಾವಿರಾರು ಕೋಶಗಳಲ್ಲಿ ಕೆಲವನ್ನಷ್ಟೇ ಕಪ್ಪಾಗಿಸುತ್ತದೆ. 1906ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡ ಇಬ್ಬರಲ್ಲಿ, ನರಕೋಶಗಳ ಬಗ್ಗೆ ಕಹಾಲ್ ಸರಿ, ಬಲೆಯ ಇರುವಿಕೆಯ ಬಗ್ಗೆ ಗಾಲ್ಜಿ ಸರಿ. ಕಹಾಲರ ಸಂಶಯ ಅವಿವೇಕದ್ದಲ್ಲ. ಅಂದಿನ ತಯಾರಿಕೆಗಳಲ್ಲಿ ಹುಸಿ ಆಕಾರಗಳು ನಿಜಕ್ಕೂ ಹುಟ್ಟುತ್ತಿದ್ದವು. ಆದರೆ 'ಇದು ಬಣ್ಣದ ಸೃಷ್ಟಿ' ಎಂಬುದಕ್ಕೂ ಪುರಾವೆ ಬೇಕು. ಬಲೆಯನ್ನು ಅನುಮಾನಿಸಿದಷ್ಟೇ ತೀವ್ರವಾಗಿ ಆ ತೀರ್ಮಾನವನ್ನೂ ಅನುಮಾನಿಸಬೇಕಿತ್ತು. ಗಾಲ್ಜಿ 1898ರಲ್ಲಿ ಕೋಶದೊಳಗೆ ಕಂಡ, ಇಂದು ಅವರ ಹೆಸರಿನಲ್ಲೇ ಇರುವ ರಚನೆಗೂ ಇದೇ ಆರೋಪ ಅಂಟಿತು. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬರುವವರೆಗೂ ಅದು ಹುಸಿಯೆನ್ನುವವರಿದ್ದರು.

ಬಣ್ಣಗಳು ಒಂದೊಂದೂ ಬೇರೆ ಬೇರೆಯದನ್ನು ಹುಡುಕುತ್ತವೆ ಎಂಬುದನ್ನು ಆಲ್ಸಿಯನ್ ಬ್ಲೂ ಬಹಳ ಚೆನ್ನಾಗಿ ತೋರಿಸುತ್ತದೆ. ಧನ ವಿದ್ಯುದಂಶವಿರುವ ಈ ನೀಲಿ ಮ್ಯಾಟ್ರಿಕ್ಸಿನ ಋಣ ವಿದ್ಯುದಂಶಗಳಿಗೆ ಅಂಟುತ್ತದೆ. ದ್ರಾವಣಕ್ಕೆ ಮೆಗ್ನೀಸಿಯಂ ಕ್ಲೋರೈಡ್ ಸೇರಿಸುತ್ತ ಹೋದರೆ ಲವಣದ ಅಯಾನುಗಳು ಪೈಪೋಟಿಗಿಳಿದು, ದುರ್ಬಲ ಹಿಡಿತಗಳು ಮೊದಲು ಕಳಚುತ್ತವೆ. ಸಲ್ಫೇಟ್ ಇಲ್ಲದ ಹಯಲುರೋನನ್ ಬಣ್ಣ ಕಳೆದುಕೊಳ್ಳುತ್ತದೆ, ಸಲ್ಫೇಟ್ ಇರುವ ಎಳೆಗಳು ನೀಲಿಯಾಗಿಯೇ ಉಳಿಯುತ್ತವೆ. ಒಂದೇ ಮೆದುಳಿನ ಪಕ್ಕಪಕ್ಕದ ಎರಡು ಸೆಕ್ಷನ್‌ಗಳು, ಒಂದೇ ಬಣ್ಣ. ಬದಲಾದದ್ದು ಉಪ್ಪು ಮಾತ್ರ. ಎರಡನೆಯದನ್ನಷ್ಟೇ ನೋಡಿದವರು ಆ ನೀಲಿಯನ್ನು ನಂಬಿ ಹಯಲುರೋನನ್ ಇಲ್ಲವೆಂದರೆ, ಬಲೆಗೆ ಬೆನ್ನೆಲುಬಾದ ವಸ್ತುವನ್ನೇ ಅಳಿಸಿದಂತೆ.

ಇಂದು ಬಲೆಗಳನ್ನು ನೋಡಲು ಹೆಚ್ಚು ಬಳಕೆಯಲ್ಲಿರುವುದು ವಿಸ್ಟೀರಿಯಾ ಫ್ಲೋರಿಬಂಡಾ ಎಂಬ ಜಪಾನಿ ಬಳ್ಳಿಯ ಬೀಜದಿಂದ ತೆಗೆದ ಲೆಕ್ಟಿನ್. ನಿರ್ದಿಷ್ಟ ಸಕ್ಕರೆಯನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳೇ ಲೆಕ್ಟಿನ್‌ಗಳು. ನಾವು ತಿನ್ನುವ ಕಡಲೆಕಾಯಿಯಲ್ಲೂ ಹಲಸಿನ ಬೀಜದಲ್ಲೂ ಅವಿವೆ. ಇವೆರಡರ ಲೆಕ್ಟಿನ್‌ಗಳ ರಚನೆಯನ್ನು 1990ರ ದಶಕದಲ್ಲಿ ಬಿಡಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ. ವಿಸ್ಟೀರಿಯಾದ ಲೆಕ್ಟಿನ್ ಹಿಡಿಯುವುದು ಎನ್-ಅಸಿಟೈಲ್‌ಗ್ಯಾಲಕ್ಟೋಸಮೈನ್ ಎಂಬ ಸಕ್ಕರೆಯನ್ನು. ಅಂದರೆ ಅದು ಬಲೆಯನ್ನು ಹುಡುಕುತ್ತಿಲ್ಲ, ಬಲೆಯ ಮೇಲಿನ ಒಂದು ಸಕ್ಕರೆಯನ್ನು ಹುಡುಕುತ್ತಿದೆ. ಆಲ್ಜೈಮರ್ ಪೀಡಿತ ಮೆದುಳುಗಳಲ್ಲಿ ಈ ಬಣ್ಣ ಬಹಳ ಕುಗ್ಗಿದೆ ಎಂದು 2005ರಲ್ಲಿ ಒಂದು ವರದಿ ಬಂತು. ಆಗ್ರಿಕಾನ್ ಪ್ರೋಟೀನನ್ನೇ ಪ್ರತಿಕಾಯಗಳಿಂದ ನೋಡಿದ ಬೇರೊಂದು ಗುಂಪಿಗೆ ಬಲೆಗಳು ಉಳಿದೇ ಇರುವುದು ಕಂಡಿತು. ಬಲೆ ಹೋಯಿತೋ, ಬಲೆಯ ಮೇಲಿನ ಸಕ್ಕರೆಯಷ್ಟೇ ಬದಲಾಯಿತೋ? ರೋಗಿಯ ಮಟ್ಟಿಗೆ ಇವು ಬೇರೆ ಬೇರೆ ಸಂಗತಿಗಳು. ಹರಿದ ಬಲೆಯನ್ನು ಮತ್ತೆ ಕಟ್ಟುವ ಮದ್ದು ಬೇರೆ, ಸಕ್ಕರೆಯನ್ನು ಮಾರ್ಪಡಿಸುವ ಕಿಣ್ವದ ಮೇಲೆ ಕೆಲಸ ಮಾಡುವ ಮದ್ದು ಬೇರೆ.

ಹೀಗೆಂದರೆ ಬಣ್ಣದಾಚೆಗೆ ಸತ್ಯವೇ ಇಲ್ಲವೆಂದಾಗುವುದಿಲ್ಲವೇ? ಇಲ್ಲ. ತತ್ತ್ವಜ್ಞಾನಿ ಇಯಾನ್ ಹ್ಯಾಕಿಂಗ್ 1983ರ ತಮ್ಮ ಪುಸ್ತಕದಲ್ಲಿ ಮೈಕ್ರೋಸ್ಕೋಪನ್ನು ನಂಬುವುದಕ್ಕೆ ಕೊಟ್ಟ ಕಾರಣಗಳು ನನಗೆ ಒಪ್ಪಿಗೆ: ಪರಸ್ಪರ ಸಂಬಂಧವಿಲ್ಲದ ಭೌತಿಕ ವಿಧಾನಗಳು ಒಂದೇ ಆಕಾರವನ್ನು ತೋರಿಸಿದರೆ ಅದು ಕಾಕತಾಳೀಯವಾಗಲಾರದು, ವಸ್ತುವಿನ ಮೇಲೆ ಕೈಯಾಡಿಸಿ ಪರಿಣಾಮ ಪಡೆಯಬಲ್ಲೆವಾದರೆ ನಂಬಿಕೆ ಇನ್ನೂ ಗಟ್ಟಿ. 2002ರಲ್ಲಿ ಪಿಟ್ಸೊರುಸ್ಸೊ ಮತ್ತು ಸಂಗಡಿಗರು ವಯಸ್ಕ ಇಲಿಗಳ ದೃಷ್ಟಿಕೇಂದ್ರಕ್ಕೆ, ಕಾಂಡ್ರಾಯ್ಟಿನ್ ಸಲ್ಫೇಟ್ ಎಳೆಗಳನ್ನು ಕತ್ತರಿಸುವ ಕಾಂಡ್ರಾಯ್ಟಿನೇಸ್ ಎಬಿಸಿ ಎಂಬ ಕಿಣ್ವ ಹಾಕಿದಾಗ, ಎಳವೆಯಲ್ಲಿ ಮಾತ್ರ ಇರುವ ಮಾರ್ಪಡುವ ಗುಣ ಮರಳಿತು. ಗಾಲ್ಜಿಯ ಬಲೆ ಬಣ್ಣದ ಕಲೆಯಾಗಿದ್ದರೆ ಅದರ ಎಳೆಗಳನ್ನು ಕತ್ತರಿಸಿ ಇಂಥ ಫಲ ಬರುತ್ತಿರಲಿಲ್ಲ ಎನ್ನಬಹುದು. ಆದರೂ ಇಲ್ಲಿ ಒಂದು ಹೆಜ್ಜೆ ನಿಧಾನಿಸಬೇಕು. ಆ ಕಿಣ್ವ ಬಲೆಗಳನ್ನಷ್ಟೇ ಅಲ್ಲ, ಸುತ್ತಲಿನ ಸಡಿಲ ಮ್ಯಾಟ್ರಿಕ್ಸಿನಲ್ಲಿರುವ ಕಾಂಡ್ರಾಯ್ಟಿನ್ ಸಲ್ಫೇಟನ್ನೂ ಕತ್ತರಿಸುತ್ತದೆ. ಆದ್ದರಿಂದ 'ಬಲೆ ತೆಗೆದರೆ ಮೆದುಳು ಮತ್ತೆ ಎಳೆಯದಾಗುತ್ತದೆ' ಎಂಬ ಜನಪ್ರಿಯ ಮಾತಿನಲ್ಲಿ ಕಿಣ್ವದ ಹೆಸರು ಬಿಟ್ಟುಹೋಗಿದೆ, ಅದರೊಂದಿಗೆ ವಿವೇಕವೂ.

ಆಗ್ರಿಕಾನ್‌ನ ಬೇರೆ ಬೇರೆ ಸಕ್ಕರೆ ರೂಪಗಳನ್ನು ಹಿಡಿಯುವ ಪ್ರತಿಕಾಯಗಳು ಬೇರೆ ಬೇರೆ ನರಕೋಶಗಳ ಸುತ್ತಲಿನ ಬಲೆಗಳನ್ನು ತೋರಿಸುತ್ತವೆ ಎಂಬುದು ಈಗ ತಿಳಿದಿದೆ. ಆಗ್ರಿಕಾನ್ ಪ್ರತಿಕಾಯಕ್ಕೆ ಹೊಳೆದು ವಿಸ್ಟೀರಿಯಾಕ್ಕೆ ಹೊಳೆಯದ ಬಲೆಗಳೂ ಇವೆ. ವಿಸ್ಟೀರಿಯಾವೊಂದನ್ನೇ ನಂಬಿ ಮಾಡಿದ ಎಣಿಕೆಗಳಲ್ಲಿ ಆ ಕೋಶಗಳು 'ಬಲೆಯಿಲ್ಲದವು' ಎಂಬ ಕಾಲಮ್ಮಿಗೆ ಸೇರಿಹೋಗುತ್ತವೆ. ರೋಗ ಮತ್ತು ಆರೋಗ್ಯದ ಹೋಲಿಕೆಗಳು ಆ ಕಾಲಮ್ಮಿನ ಮೇಲೆ ನಿಂತಿರುವಾಗ, ಕನಿಷ್ಠ ಎರಡು ಬಣ್ಣಗಳಲ್ಲಿ ಅದನ್ನು ಮತ್ತೆ ಎಣಿಸಬೇಕು. ತಲೆಬರಹದಲ್ಲಿ 'ಬಲೆಯಿಲ್ಲದ ಕೋಶಗಳು' ಎಂಬುದರ ಬದಲು 'ವಿಸ್ಟೀರಿಯಾ ಹಿಡಿಯದ ಕೋಶಗಳು' ಎಂದು ಬರೆಯಬೇಕು.