ಯಾರ ಕಡೆಗೆ ಈ ಓಟ?

ಸಾಧಾರಣ ಕಾಲದ 15ನೇ ಭಾನುವಾರ
ಶುಭಸಂದೇಶ: ಲೂಕ 10:25-37



ಜೆರಿಕೋಗೆ ಇಳಿಯುವ ದಾರಿಯಲ್ಲಿ ಗಾಯಗೊಂಡವನೊಬ್ಬ ಬಿದ್ದಿದ್ದಾನೆ. ಯಾಜಕ ಬಂದ, ಕಂಡ, ಮುಂದೆ ಹೋದ. ಲೇವಿಯನೂ ಹೋದ. ನಿಂತವನು ಸಮಾರಿಯದವನು. ಈ ಸಾಮತಿ ನಮಗೆಲ್ಲ ಬಾಯಿಪಾಠ. ಇದೇ ದಾರಿ, ಇದೇ ಪರೀಕ್ಷೆ ನಮ್ಮ ಕಾಲದ ಒಂದು ಕಾರು ಪಂದ್ಯದಲ್ಲೂ ಎದುರಾಯಿತು.

1973ರ ಜುಲೈ 29, ಭಾನುವಾರ. ನೆದರ್‌ಲ್ಯಾಂಡ್ಸ್ ದೇಶದ ಝಾಂಡ್‌ವೂರ್ಟ್‌ನಲ್ಲಿ ಫಾರ್ಮುಲಾ ಒನ್ ಪಂದ್ಯ. ಎಂಟನೆಯ ಸುತ್ತಿನಲ್ಲಿ ರೋಜರ್ ವಿಲಿಯಮ್ಸನ್ ಎಂಬ 25 ವರ್ಷದ ಯುವಕನ ಕಾರು ತಡೆಬೇಲಿಗೆ ಬಡಿದು, ಮಗುಚಿ, ಹೊತ್ತಿಕೊಂಡಿತು. ಅವನು ಒಳಗೇ ಸಿಕ್ಕಿಬಿದ್ದ. ಹಿಂದೆ ಬರುತ್ತಿದ್ದ ಡೇವಿಡ್ ಪರ್ಲಿ ತನ್ನ ಕಾರು ನಿಲ್ಲಿಸಿ, ಬೇರೆ ಕಾರುಗಳು ನುಗ್ಗಿ ಬರುತ್ತಿದ್ದ ರಸ್ತೆಯನ್ನೇ ದಾಟಿ ಓಡಿದ. ಉರಿಯುವ ಕಾರನ್ನು ಒಬ್ಬನೇ ಎತ್ತಲು ಹೆಣಗಿದ. ಬೆಂಕಿ ನಂದಿಸುವ ಸಿಲಿಂಡರನ್ನು ತಂದು ಖಾಲಿ ಮಾಡಿದ. ಅಲ್ಲಿದ್ದ ಸಿಬ್ಬಂದಿಗೆ ಬೆಂಕಿ ತಡೆಯುವ ಉಡುಪಿರಲಿಲ್ಲ. ಹತ್ತಿರ ಹೋಗಲಾರದೆ ನಿಂತರು. ನಿಲ್ಲಿಸಿ ಎಂದು ಪರ್ಲಿ ಇತರ ಚಾಲಕರಿಗೆ ಕೈಬೀಸಿದ. ಯಾರೂ ನಿಲ್ಲಲಿಲ್ಲ. ಪಂದ್ಯವೂ ನಿಲ್ಲಲಿಲ್ಲ. ವಿಲಿಯಮ್ಸನ್ ಅಲ್ಲೇ ಪ್ರಾಣಬಿಟ್ಟ.

ಆ ಚಾಲಕರು ಕಲ್ಲೆದೆಯವರೇ? ಹಾಗೆ ಹೇಳಲಾಗದು. ಕೈಬೀಸುತ್ತಿದ್ದವನೇ ಆ ಕಾರಿನವನು, ಹೇಗೋ ಪಾರಾಗಿ ಹೊರಬಂದಿದ್ದಾನೆ ಎಂದು ಅವರು ತಿಳಿದರು. ಅಷ್ಟು ವೇಗದಲ್ಲಿ ಬೆಂಕಿ ಕಂಡಿತು, ನಿಂತ ಮನುಷ್ಯ ಕಂಡ. ಒಳಗೆ ಸಿಕ್ಕಿಬಿದ್ದವನು ಕಾಣಲಿಲ್ಲ.

ಪ್ರಿಯರೇ, ನಮ್ಮ ಮನೆಗಳಲ್ಲೂ ಹೀಗೇ ಆಗುತ್ತದೆ. "ಅಪ್ಪ ಚೆನ್ನಾಗಿದ್ದಾರೆ," "ಮಗಳು ನಗುತ್ತಿದ್ದಾಳಲ್ಲ," "ಪಕ್ಕದ ಮನೆಯವರಿಗೆ ಅವರವರ ಜನ ಇದ್ದಾರೆ" ಎಂದುಕೊಂಡು ದಾಟಿಬಿಡುತ್ತೇವೆ. ಹೊರಗೆ ನಿಂತಿರುವುದನ್ನು ನೋಡುತ್ತೇವೆ; ಒಳಗೆ ಉರಿಯುತ್ತಿರುವುದನ್ನು ನೋಡಲು ಬಿಡುವಿಲ್ಲ.

ಹಾಗಾದರೆ ವೇಗ ಪಾಪವೇ? ಅಲ್ಲ. ಎಲಿಜಬೇತಳನ್ನು ಕಾಣಲು ಮಾತೆ ಮರಿಯಮ್ಮನವರು ಬೆಟ್ಟದ ಸೀಮೆಗೆ ಅವಸರದಿಂದಲೇ ಹೊರಟರು. ಪರ್ಲಿಯೂ ಆ ದಿನ ಜೀವದ ಹಂಗು ತೊರೆದು ಓಡಿದ. ಗೆಲುವಿನ ಕಡೆಗೆ ಓಡುತ್ತಿದ್ದವನು ಸಾಯುತ್ತಿದ್ದವನ ಕಡೆಗೆ ತಿರುಗಿದ. ಗೆಳೆಯನನ್ನು ಉಳಿಸಲು ಅವನಿಂದ ಆಗಲಿಲ್ಲ. ಆದರೂ ಅವನ ದೇಶ ಅವನಿಗೆ ಜಾರ್ಜ್ ಪದಕವಿತ್ತು ಗೌರವಿಸಿತು. ಪ್ರೀತಿಗೆ ಫಲ ಸಿಗದಿದ್ದರೂ ಅದು ವ್ಯರ್ಥವಲ್ಲ. ಶಿಲುಬೆಯ ಕೆಳಗೆ ನಿಂತ ತಾಯಿ ನಮಗೆ ಕಲಿಸುವುದೂ ಇದನ್ನೇ.

ಅದೇ ಜೆರಿಕೋ ದಾರಿಯಲ್ಲಿ ಒಬ್ಬ ಕುರುಡ ಭಿಕ್ಷುಕ ಕೂಗಿಕೊಂಡ. ಸುಮ್ಮನಿರು ಎಂದು ಜನ ಗದರಿಸಿದರು. ಜೆರುಸಲೇಮಿಗೆ ಹೊರಟಿದ್ದ ಯೇಸುಸ್ವಾಮಿ ನಿಂತರು.

ನಮ್ಮ ದಿಂಬಂ ಘಾಟಿಯ 27 ತಿರುವುಗಳಲ್ಲಿ ಯಾರಾದರೂ ಬಿದ್ದಿದ್ದರೆ ಗಾಡಿ ನಿಲ್ಲಿಸಿ, 108ಕ್ಕೆ ಕರೆ ಮಾಡಿ. ಪೊಲೀಸು, ಕೇಸು ಎಂಬ ಭಯ ಬೇಡ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕೆಂಬ ಬಲವಂತವೂ ಇಲ್ಲ. ಆ ಕಾನೂನು ಅಂಥವರನ್ನು ಕರೆಯುವುದು ಇಂದಿನ ಶುಭಸಂದೇಶದ ಸಮಾರಿಯದವನ ಹೆಸರಿನಿಂದಲೇ. ಇನ್ನು ಮನೆಯಲ್ಲಿ, ಈ ವಾರ ಒಬ್ಬರ ಬಳಿಯಾದರೂ ಕುಳಿತು, "ಹೇಗಿದ್ದೀರಿ?" ಎಂದು ಕೇಳಿ. ಉತ್ತರ ಮುಗಿಯುವ ತನಕ ಏಳಬೇಡಿ.

ಪ್ರಭು ನಮ್ಮ ಕಾಲುಗಳಿಗೆ ನಿಲ್ಲುವ ಕೃಪೆಯನ್ನೂ, ಓಡಬೇಕಾದಾಗ ಓಡುವ ಧೈರ್ಯವನ್ನೂ ಅನುಗ್ರಹಿಸಲಿ. ಆಮೆನ್.