ಆಟದ ಪೀರಿಯಡ್‌ಗೆ ಬರೆದ ಜ್ವರದ ಚೀಟಿ



ನಿಮ್ಮ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಹೆಣ್ಣುಮಗಳಿದ್ದರೆ ಅವಳ ಶಾಲಾ ಡೈರಿಯನ್ನು ಒಮ್ಮೆ ತೆರೆದು ನೋಡಿ. ಹೆತ್ತವರು ಬರೆಯುವ ಪುಟದಲ್ಲಿ ನಿಮ್ಮದೇ ಕೈಬರಹದಲ್ಲಿ ಎಷ್ಟು ಸಲ ಜ್ವರ ಬಂದಿದೆ, ಎಷ್ಟು ಸಲ ಹೊಟ್ಟೆನೋವು, ಎಷ್ಟು ಸಲ ಕಾಲು ಉಳುಕಿದೆ ಎಂದು ಎಣಿಸಿ. ಬಳಿಕ ಟೈಮ್ ಟೇಬಲ್ ತೆಗೆದು ಹೋಲಿಸಿ. ಆ ಕಾಯಿಲೆಗಳೆಲ್ಲ ಆಟದ ಪೀರಿಯಡ್ ಇರುವ ದಿನವೇ ಬಂದಿದ್ದರೆ ಈ ಲೇಖನ ನಿಮಗಾಗಿ. ನನಗಾಗಿಯೂ ಹೌದು. ಏಕೆಂದರೆ ಅಂತಹ ಚೀಟಿಗಳನ್ನು ನಾನೂ ಬರೆದಿದ್ದೇನೆ.

ನನ್ನ ಮಗಳು ಎಂಟನೆಯ ತರಗತಿಗೆ ಸೇರಿದ ವರ್ಷದ ಮಾತಿದು. ಮಂಗಳೂರು ನಗರದೊಳಗಿನ ಒಂದು ಶಾಲೆ. ಗುಡ್ಡ ಕಡಿದು ಮಟ್ಟ ಮಾಡಿದ ಮೈದಾನ. ಅದರ ಒಂದು ಬದಿ ರಸ್ತೆಗೆ ತೆರೆದುಕೊಂಡಿದೆ, ರಸ್ತೆಯಾಚೆ ಬಸ್ಸು ನಿಲ್ದಾಣ. ಹುಡುಗರಿಗೂ ಹುಡುಗಿಯರಿಗೂ ಒಟ್ಟಿಗೇ ಡ್ರಿಲ್. ಆಟಕ್ಕೆ ಹಾಕಬೇಕಾದ ಸಮವಸ್ತ್ರ ನಮಗೆ ಒಪ್ಪುವಂತಹದ್ದಾಗಿರಲಿಲ್ಲ. ನಾನೂ ನನ್ನ ಮನೆಯಾಕೆಯೂ ಈ ಬಗ್ಗೆ ರಾತ್ರಿ ಊಟದ ಹೊತ್ತಿಗೆ ಬಹಳ ಮಾತಾಡಿದೆವು. ಶಾಲೆಗೆ ಹೋಗಿ ಮಾತ್ರ ಮಾತಾಡಲಿಲ್ಲ. 'ಹೋಗಿ ಹೇಳಿದರೆ ಏನೆಂದುಕೊಂಡಾರು' ಎಂಬ ಸಂಕೋಚ. ಹಾಗಾಗಿ ಸುಲಭದ ದಾರಿ ಹಿಡಿದೆವು. ಬುಧವಾರ ಬಂದರೆ ಜ್ವರ.

ಒಂದು ಮಂಗಳವಾರ ರಾತ್ರಿ ಅವಳು ಡೈರಿ ಹಿಡಿದುಕೊಂಡು ಬಂದು, "ಉಪ್ಪಾ, ನಾಳೆಗೆ ಯಾವ ಕಾಯಿಲೆ ಬರೆಯುತ್ತೀರಿ?" ಎಂದು ಕೇಳಿದಳು. ಅವಳು ನಗುತ್ತಿರಲಿಲ್ಲ, ಕುಟುಕುತ್ತಲೂ ಇರಲಿಲ್ಲ. ನಾಳೆ ಬುತ್ತಿಗೆ ಏನು ಎಂದು ಕೇಳಿದಷ್ಟೇ ಸಹಜವಾಗಿ ಕೇಳಿದ್ದಳು. ಪೆನ್ನು ನನ್ನ ಕೈಯಲ್ಲೇ ಉಳಿಯಿತು.

ನಾವು ಮಗಳ ಲಜ್ಜೆಯನ್ನು ಕಾಯಲು ಹೊರಟವರು. ಕಾಯುವ ಭರದಲ್ಲಿ ಸುಳ್ಳು ಬರೆಯುವುದು ಹೇಗೆಂದು ಅವಳಿಗೆ ಕಲಿಸಿದ್ದೆವು. ಅದೂ ದೀನ್‌ನ ಹೆಸರಿನಲ್ಲಿ.

ಅಬೂದಾವೂದ್‌ನಲ್ಲಿ ವರದಿಯಾದ ಒಂದು ಪ್ರಸಂಗ ನಿಮಗೆ ತಿಳಿದಿರಬಹುದು. ಪ್ರವಾದಿ(ಸ)ಯವರು ಒಂದು ಮನೆಯಲ್ಲಿ ಕುಳಿತಿದ್ದಾಗ ಆ ಮನೆಯ ತಾಯಿ ತನ್ನ ಪುಟ್ಟ ಮಗನನ್ನು, ಬಾ ಏನೋ ಕೊಡುತ್ತೇನೆ ಎಂದು ಕರೆದರು. ಏನು ಕೊಡಬೇಕೆಂದಿದ್ದೀರಿ ಎಂದು ಪ್ರವಾದಿ(ಸ)ಯವರು ವಿಚಾರಿಸಿದರು. ಖರ್ಜೂರ ಎಂದು ಆ ತಾಯಿ ಉತ್ತರಿಸಿದಾಗ, ಏನನ್ನೂ ಕೊಡದಿರುತ್ತಿದ್ದರೆ ಅದು ನಿಮ್ಮ ಲೆಕ್ಕದಲ್ಲಿ ಒಂದು ಸುಳ್ಳಾಗಿ ಬರೆಯಲ್ಪಡುತ್ತಿತ್ತು ಎಂದು ಎಚ್ಚರಿಸಿದರು. ಮಗುವನ್ನು ಹತ್ತಿರ ಕರೆಯಲು ಆಡುವ ಮಾತಿಗೇ ಇಷ್ಟು ಕಟ್ಟುನಿಟ್ಟಾದರೆ, ಸಹಿ ಹಾಕಿ, ತಾರೀಕು ಬರೆದು, ಮಗಳ ಕೈಯಲ್ಲೇ ಕೊಟ್ಟು ಕಳಿಸುವ ಸುಳ್ಳಿನ ಲೆಕ್ಕವೇನು?

ನೀವು ಹೇಳಬಹುದು: ಇದೇನು ದೊಡ್ಡ ವಿಷಯ? ದೊಡ್ಡ ಕೆಡುಕನ್ನು ತಪ್ಪಿಸಲು ಒಂದು ಸಣ್ಣ ನೆಪ ಅಷ್ಟೆ. ನಾನೂ ಹಾಗೆಯೇ ಸಮಾಧಾನ ಹೇಳಿಕೊಂಡಿದ್ದೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಜಗಳವಾಡುವವರ ನಡುವೆ ರಾಜಿ ಮಾಡಿಸುವಂತಹ ಕೆಲವು ಸಂದರ್ಭಗಳಲ್ಲಿ ಮಾತಿಗೆ ಸಡಿಲಿಕೆ ಇದೆಯೆಂದು ವಿದ್ವಾಂಸರು ಹೇಳಿದ್ದಾರೆ. ಆದರೆ ಸತ್ಯ ಹೇಳಿಯೇ ಕೆಲಸ ಆಗುವಂತಿರುವಲ್ಲಿ ಆ ಸಡಿಲಿಕೆಯ ಪ್ರಶ್ನೆ ಎಲ್ಲಿಂದ ಬಂತು? ನಮ್ಮ ಪಾಲಿಗೆ ಸತ್ಯದ ಬಾಗಿಲು ಮುಚ್ಚಿರಲಿಲ್ಲ. ನಾವು ಅದನ್ನು ತಟ್ಟಿಯೇ ಇರಲಿಲ್ಲ. ರಮಝಾನ್‌ನಲ್ಲೂ ಇದೇ ಕಥೆ. ಮಗು ಉಪವಾಸ ಇದೆ, ಓಡಿಸಬೇಡಿ ಎಂದು ಬರೆದರೆ ಅದಕ್ಕಿಂತ ಗೌರವದ ಕಾರಣ ಬೇರೇನಿದೆ? ಆದರೂ ಅಭ್ಯಾಸಬಲದಿಂದ ಜ್ವರವೆಂದೇ ಬರೆಯುವವರಿದ್ದಾರೆ!

ಇನ್ನೊಂದು ಪ್ರಶ್ನೆ ಇದಕ್ಕಿಂತ ಆಳದ್ದು. ಆ ಪೀರಿಯಡ್ ಯಾರದ್ದು? ನಮ್ಮದೇ, ಶಾಲೆಯದೇ, ಮಗುವಿನದೇ? ಹ. ಅಬ್ದುಲ್ಲಾ ಬಿನ್ ಅಮ್ರ್(ರ) ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಶರೀರವನ್ನು ದಂಡಿಸುತ್ತಿದ್ದಾಗ ಪ್ರವಾದಿ(ಸ)ಯವರು ಅವರನ್ನು ತಡೆದರು. ಶರೀರಕ್ಕೂ ಕಣ್ಣಿಗೂ ಮನುಷ್ಯನ ಮೇಲೆ ಹಕ್ಕಿದೆ ಎಂದು ನೆನಪಿಸಿದರು. ಇದು ಬುಖಾರಿಯಲ್ಲಿದೆ. ಗಮನಿಸಿ, ಇಲ್ಲಿ ಶರೀರದ ಹಕ್ಕಿಗೆ ಎದುರಾಗಿ ನಿಂತದ್ದು ಆರಾಧನೆ. ಆರಾಧನೆಗೂ ಆ ಹಕ್ಕನ್ನು ನುಂಗುವ ಅನುಮತಿ ಸಿಗಲಿಲ್ಲ. ಹಾಗಿರುವಾಗ ನಮ್ಮ ಸಂಕೋಚಕ್ಕೆ ಸಿಕ್ಕೀತೇ? ಮಗಳ ಶರೀರ ನಮ್ಮ ಕೈಯಲ್ಲಿರುವ ಅಮಾನತು. ಅದರ ಹಕ್ಕನ್ನು ನಾವು ಅವಳ ಪರವಾಗಿ ಬಿಟ್ಟುಕೊಡುವಂತಿಲ್ಲ.

ಆ ಹಕ್ಕು ಎಷ್ಟೆಂದು ವೈದ್ಯರು ಅಳೆದು ಹೇಳಿದ್ದಾರೆ. 5ರಿಂದ 17 ವರ್ಷದವರೆಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಬಿಸಿಯಾಗುವಂತೆ ಓಡಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 146 ದೇಶಗಳ ಶಾಲಾ ಮಕ್ಕಳ ಲೆಕ್ಕ ಹಿಡಿದು ಅದೇ ಸಂಸ್ಥೆಯ ತಜ್ಞರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 11ರಿಂದ 17 ವರ್ಷದವರಲ್ಲಿ ನೂರಕ್ಕೆ 81 ಮಂದಿಗೆ ಅಷ್ಟು ಓಡಾಟ ಸಿಗುತ್ತಿಲ್ಲ. ಹುಡುಗಿಯರಲ್ಲಿ ಈ ಸಂಖ್ಯೆ 85. ಅಂದರೆ ಇದು ನಮ್ಮ ಸಮುದಾಯದ ರೋಗ ಮಾತ್ರವಲ್ಲ, ಜಗತ್ತಿನದ್ದು. ಆದರೆ ನಮ್ಮ ಮಕ್ಕಳ ದಿನಚರಿಯನ್ನು ನೋಡಿ: ಬೆಳಿಗ್ಗೆ ಮದ್ರಸ, ಅಲ್ಲಿಂದ ಶಾಲೆ, ಸಂಜೆ ಟ್ಯೂಷನ್, ಮನೆಗೆ ಬಂದರೆ ಹೋಂವರ್ಕ್. ಗಂಡುಮಗನಾದರೆ ಅಸರ್‌ನ ಬಳಿಕ ನೆಹರೂ ಮೈದಾನಕ್ಕಾದರೂ ಓಡಿಯಾನು. ಮಗಳು ಎಲ್ಲಿಗೆ ಹೋಗಬೇಕು? ವಾರದಲ್ಲಿ ಅವಳಿಗೆ ಸಿಗುವ ಆ ಒಂದೆರಡು ಪೀರಿಯಡ್‌ಗಳನ್ನೂ ಜ್ವರಕ್ಕೆ ಕೊಟ್ಟುಬಿಟ್ಟೆವು. ಮುದಿಪ್ರಾಯದ ತನಕ ಬಾಳಬೇಕಾದ ಎಲುಬಿನ ಬಲ ಕೂಡುವುದು ಮುಖ್ಯವಾಗಿ ಇದೇ ಪ್ರಾಯದಲ್ಲಿ. ಮೊಣಕಾಲು ನೋವೆಂದು ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡುವ ನಮ್ಮ ಉಮ್ಮಂದಿರನ್ನು ನೋಡುವಾಗ ನನಗೆ ಇದು ನೆನಪಾಗುತ್ತದೆ.

ಹಾಗಾದರೆ ಲಜ್ಜೆಯನ್ನು ಬಿಟ್ಟುಬಿಡಬೇಕೇ? ಖಂಡಿತ ಇಲ್ಲ. ಇಲ್ಲಿಯೂ ನಮಗೆ ಮಾದರಿ ಇದೆ. ಒಂದು ಪ್ರಯಾಣದಲ್ಲಿ ಪ್ರವಾದಿ(ಸ)ಯವರು ಜೊತೆಗಿದ್ದವರಿಗೆ ಮುಂದೆ ಸಾಗಲು ಹೇಳಿದರು. ಅವರೆಲ್ಲ ಮುಂದೆ ಹೋದ ಬಳಿಕ ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದರು. ಆಯಿಶಾ(ರ) ಗೆದ್ದರು. ಕೆಲವು ಕಾಲದ ಬಳಿಕ ಮತ್ತೊಮ್ಮೆ ಓಡಿದಾಗ ಅವರ ಮೈ ತುಂಬಿಕೊಂಡಿತ್ತು, ಪ್ರವಾದಿ(ಸ)ಯವರು ಗೆದ್ದರು. ಇದು ಅದಕ್ಕೆ ಪ್ರತಿಯಾಗಿ ಎಂದು ನಕ್ಕರು. ದಾಂಪತ್ಯದ ಮಾಧುರ್ಯವನ್ನು ವಿವರಿಸಲು ನಮ್ಮ ಭಾಷಣಕಾರರು ಈ ಘಟನೆಯನ್ನು ಬಹಳ ಬಳಸುತ್ತಾರೆ. ಆದರೆ ಜನರನ್ನು ಮುಂದೆ ಕಳಿಸಿದ್ದನ್ನು ನಾವು ಗಮನಿಸುವುದು ಕಡಿಮೆ. ಜನರಿದ್ದಾರೆಂದು ಓಟವನ್ನು ಕೈಬಿಡಲಿಲ್ಲ, ಓಟಕ್ಕಾಗಿ ಮರೆಯನ್ನೂ ಕೈಬಿಡಲಿಲ್ಲ. ಒಂದು ವ್ಯವಸ್ಥೆ ಮಾಡಿದರು.

ವ್ಯವಸ್ಥೆಯನ್ನು ಬಾಯಿಬಿಟ್ಟು ಕೇಳಬೇಕು. 2011ರ ಜೂನ್‌ನಲ್ಲಿ ಇರಾನಿನ ಮಹಿಳಾ ಫುಟ್‌ಬಾಲ್ ತಂಡವನ್ನು ಒಲಿಂಪಿಕ್ಸ್ ಅರ್ಹತಾ ಪಂದ್ಯದಿಂದ ಹೊರಗಿಡಲಾಯಿತು. ಕಾರಣ ತಲೆವಸ್ತ್ರ. ಆ ಆಟಗಾರ್ತಿಯರು ಮೈದಾನದಲ್ಲೇ ಕಣ್ಣೀರಿಟ್ಟ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅವರು ಜ್ವರವೆಂದು ಹೇಳಿ ಮನೆಯಲ್ಲಿ ಕುಳಿತವರಲ್ಲ. ನಾವು ಇದನ್ನು ಧರಿಸಿಯೇ ಆಡುತ್ತೇವೆ ಎಂದು ಬಂದು ನಿಂತವರು. ಮುಂದಿನ ವರ್ಷವೇ ಫುಟ್‌ಬಾಲಿನ ನಿಯಮ ರೂಪಿಸುವ ಮಂಡಳಿ ಪ್ರಾಯೋಗಿಕವಾಗಿ ಅನುಮತಿ ಕೊಟ್ಟಿತು, 2014ರಲ್ಲಿ ಅದು ಖಾಯಂ ಆಯಿತು. ಬಾಸ್ಕೆಟ್‌ಬಾಲಿನ ನಿಯಮವೂ 2017ರಲ್ಲಿ ಬದಲಾಯಿತು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಹಿಜಾಬ್ ಧರಿಸಿಯೇ ಅಮೆರಿಕದ ತಂಡದಲ್ಲಿ ಕತ್ತಿವರಸೆ ಆಡಿ ಕಂಚು ಗೆದ್ದ ಇಬ್ತಿಹಾಜ್ ಮುಹಮ್ಮದ್‌ರ ವಿಷಯವೂ ಇಂತಹದೇ. ಮೈಯೆಲ್ಲ ಮುಚ್ಚುವ ಉಡುಪಿನ ಆಟವನ್ನು ಮಗಳಿಗಾಗಿ ಕಂಡುಹಿಡಿದವರು ಆಕೆಯ ತಾಯಿ. ನಮ್ಮ ಮಕ್ಕಳು ಒಲಿಂಪಿಕ್ಸ್‌ಗೆ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಅಂತಾರಾಷ್ಟ್ರೀಯ ಮಂಡಳಿಯೇ ಕೇಳಿದ ಮೇಲೆ ಬದಲಾಗುವುದಾದರೆ, ಒಂದು ಶಾಲೆಯ ಆಟದ ಟೀಚರು ಬದಲಾಗಲಾರರೇ ಎಂಬುದಷ್ಟೇ ನನ್ನ ಮಾತು.

ಆ ಮಂಗಳವಾರದ ರಾತ್ರಿ ನಾನು ಚೀಟಿ ಬರೆಯಲಿಲ್ಲ. ಮರುದಿನ ಶಾಲೆಗೆ ಹೋದೆ. ದೈಹಿಕ ಶಿಕ್ಷಣದ ಟೀಚರು ಮೈದಾನದ ಬದಿಯಲ್ಲಿ ಸುಣ್ಣದ ಗೆರೆ ಎಳೆಸುತ್ತಿದ್ದರು. ವಿಷಯ ತಿಳಿಸಿದೆ, ಹಿಂದಿನ ಜ್ವರಗಳು ಸುಳ್ಳೆಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬುಧವಾರ ಮಾತ್ರ ಬರುವ ಜ್ವರ ನನಗೆ ಗೊತ್ತಾಗುವುದಿಲ್ಲವಾ ಸರ್? ನಿಮ್ಮ ಮಗಳೊಬ್ಬಳೇ ಅಲ್ಲ, ಐದಾರು ಮಂದಿ ಇದ್ದಾರೆ. ಕಾರಣ ಒಬ್ಬರೂ ಹೇಳಲಿಲ್ಲ. ಹೇಳದೆ ನಾನಾದರೂ ಏನು ಮಾಡಲಿ?" ಎಂದರು. ಅವರ ಧ್ವನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. ಅವರ ಪಾಠವನ್ನು ನಾವು ಪಾಠವೆಂದೇ ಎಣಿಸಿರಲಿಲ್ಲವಲ್ಲ. ಎರಡು ವಾರದೊಳಗೆ ಹುಡುಗಿಯರ ತ್ರೋಬಾಲ್ ಶಾಲೆಯ ಹಿಂದಿನ ಅಂಗಳಕ್ಕೆ ಬಂತು. ಉದ್ದ ತೋಳಿನ ಅಂಗಿ, ಟ್ರ್ಯಾಕ್ ಪ್ಯಾಂಟ್, ಬಿಗಿದು ಕಟ್ಟಿದ ತಲೆವಸ್ತ್ರಕ್ಕೆ ಅನುಮತಿಯೂ ಸಿಕ್ಕಿತು.

ಎಲ್ಲ ಶಾಲೆಗಳಲ್ಲೂ ಇಷ್ಟು ಸುಲಭವಾಗಿ ಆಗುತ್ತದೆಂದು ನಾನು ಭರವಸೆ ಕೊಡಲಾರೆ. ಶಾಲೆಯವರು ಒಪ್ಪದಿದ್ದರೆ, ಈ ಕಾರಣಕ್ಕಾಗಿ ಕಳಿಸಲಾರೆ ಎಂದು ಇದ್ದದ್ದನ್ನು ಇದ್ದಂತೆ ಬರೆದುಕೊಡಿ. ಆದರೆ ಆಗ ನಿಮ್ಮ ಜವಾಬ್ದಾರಿ ಇಮ್ಮಡಿಯಾಗುತ್ತದೆ. ಶಾಲೆ ಒಪ್ಪಲಿಲ್ಲವೆಂದು ಮಗಳ ಶರೀರದ ಹಕ್ಕು ರದ್ದಾಗುವುದಿಲ್ಲ. ಹಗ್ಗದಾಟವೋ, ಟೆರೇಸಿನ ಮೇಲೆ ಶಟಲ್ ಆಟವೋ, ಬೆಳಿಗ್ಗೆ ಅವಳ ಜೊತೆ ನಡಿಗೆಯೋ, ಆ ಸಾಲವನ್ನು ನೀವೇ ತೀರಿಸಬೇಕು.

ಇನ್ನು ಮೈದಾನದಲ್ಲಿ ನಡೆಯುವ ಅನ್ಯಾಯದ ಬಗ್ಗೆಯೂ ಒಂದು ಮಾತು. ಹೆಚ್ಚಿನ ಕಡೆ ಆಟದ ಪೀರಿಯಡ್ ಎಂದರೆ ತಾಲೂಕು ಮಟ್ಟಕ್ಕೆ ಹೋಗುವ ಹತ್ತು ಹನ್ನೆರಡು ಮಕ್ಕಳ ತಾಲೀಮು. ಉಳಿದವರು ಮರದಡಿ ಕುಳಿತು ಚಪ್ಪಾಳೆ ತಟ್ಟುವವರು. ದಪ್ಪಗಿರುವ ಹುಡುಗ ಓಡಿದರೆ ನಗು. ಮದೀನಾದಲ್ಲಿ ಪ್ರವಾದಿ(ಸ)ಯವರು ಕುದುರೆ ಓಟ ಏರ್ಪಡಿಸಿದಾಗ ತಯಾರಿ ಕೊಟ್ಟು ಹುರಿಗೊಳಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾದವರೆಗೆ, ಅಂದರೆ ಐದಾರು ಮೈಲಿಯ ದಾರಿ ಇಟ್ಟರು. ತಯಾರಿಯಿಲ್ಲದವುಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ, ಸುಮಾರು ಒಂದು ಮೈಲಿ ಮಾತ್ರ. ಇದನ್ನು ವರದಿ ಮಾಡಿದ ಹ. ಇಬ್ನು ಉಮರ್(ರ) ಸ್ವತಃ ಆ ಪಂದ್ಯದಲ್ಲಿ ಓಡಿಸಿದವರು. ಬಲಹೀನ ಕುದುರೆಗೂ ಅದರ ಅಳತೆಯ ಓಟ ಸಿಕ್ಕಿತು. ನಮ್ಮ ಮಕ್ಕಳಿಗೆ ಇಷ್ಟಾದರೂ ಸಿಗಬೇಡವೇ?

ಹುಡುಗರ ಹೆತ್ತವರು ಇಷ್ಟರವರೆಗೆ ನೆಮ್ಮದಿಯಿಂದ ಓದಿರಬಹುದು. ಅವರಿಗೂ ಪಾಲಿದೆ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕಗಳಲ್ಲಿ ಆಟದ ಅಂಕ ಸೇರುವುದಿಲ್ಲ, ಅದಕ್ಕೆ ದರ್ಜೆ ಮಾತ್ರ. ಹಾಗಾಗಿ ಹತ್ತನೆಯ ತರಗತಿಯಲ್ಲಿ ಆಟದ ಪೀರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್ ತನಕ ಮೈದಾನ ಕೆಸರುಗದ್ದೆ. ಆ ಪೀರಿಯಡ್‌ಗಳೂ ಒಳಗೇ ಕಳೆದವು. ಉಳಿದದ್ದೆಷ್ಟು? ಶಿಕ್ಷಣ ಹಕ್ಕು ಕಾಯ್ದೆ, 2009 ಶಾಲೆಗೆ ಆಟದ ಮೈದಾನ, ಆಟದ ಸಾಮಗ್ರಿ ಇರಬೇಕು ಎನ್ನುತ್ತದೆ. ಆದರೆ ಅದು ಎಂಟನೆಯ ತರಗತಿಗೆ ಮುಗಿಯುತ್ತದೆ. ಅಲ್ಪಸಂಖ್ಯಾತರ ಸಂಸ್ಥೆಗಳಿಗಂತೂ ಆ ಕಾಯ್ದೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಇದನ್ನು ಮರುಪರಿಶೀಲಿಸಬೇಕೆಂಬ ಅಭಿಪ್ರಾಯ ಅದೇ ನ್ಯಾಯಾಲಯದ ಪೀಠವೊಂದರಿಂದ 2025ರಲ್ಲಿ ಬಂದಿದೆ. ಅದೇನೇ ಇರಲಿ, ನಮ್ಮದೇ ಸಮುದಾಯದ ಶಾಲೆಯಲ್ಲಿ ಹೊಸ ಕಟ್ಟಡಕ್ಕಾಗಿ ಮೈದಾನವನ್ನು ನುಂಗುವಾಗ ನಮ್ಮನ್ನು ತಡೆಯಲು ಕಾಯ್ದೆಯೇ ಬರಬೇಕೆ?

ಟೈಮ್ ಟೇಬಲಿನಲ್ಲಿ ಮಗುವಿನ ಹೆಸರಿಗೆ ಬರೆದಿಟ್ಟ ನಲವತ್ತು ನಿಮಿಷವನ್ನು, ಅವನನ್ನು ಕೇಳದೆ, ಅವನ ಒಳ್ಳೆಯದಕ್ಕೇ ಎಂದು ಹೇಳಿ ತೆಗೆದುಕೊಳ್ಳುವುದಕ್ಕೆ ಏನೆಂದು ಹೆಸರಿಡುವುದು? ಬೇರೆಯವರ ದುಡ್ಡಿನ ವಿಷಯದಲ್ಲಿ ಹೀಗೆ ಮಾಡಿದರೆ ನಮಗೆ ಹೆಸರು ಹುಡುಕುವ ಕಷ್ಟ ಬರುವುದಿಲ್ಲ.

ನನ್ನ ಮಗಳು ಈಗ ಹತ್ತನೆಯ ತರಗತಿ. ಎಂಟು ಮತ್ತು ಒಂಬತ್ತರಲ್ಲಿ ಚೆನ್ನಾಗಿ ಆಡಿದಳು, ಮೊಣಕೈ ತರಚಿಕೊಂಡು ಬಂದಳು, ನಿಜವಾಗಿಯೂ ಒಮ್ಮೆ ಕಾಲು ಉಳುಕಿಸಿಕೊಂಡಳು. ಈ ವರ್ಷ ಅವಳ ಬುಧವಾರದ ಪೀರಿಯಡ್ ಗಣಿತಕ್ಕೆ ಹೋಗಿದೆ. ಮುಂದಿನ ಶನಿವಾರ ಹೆತ್ತವರ ಸಭೆಯಿದೆ. ಕೇಳಬೇಕೆಂದು ಬರೆದಿಟ್ಟುಕೊಂಡಿದ್ದೇನೆ. ಕಳೆದ ಸಭೆಯಲ್ಲಿ ಗಣಿತಕ್ಕೆ ಇನ್ನಷ್ಟು ಪೀರಿಯಡ್ ಬೇಕೆಂದು ಕೈಯೆತ್ತಿದವರಲ್ಲಿ ನಾನೂ ಒಬ್ಬ. ಆದ್ದರಿಂದ ಮೊದಲು ಅದನ್ನು ಒಪ್ಪಿಕೊಂಡೇ ಮಾತು ಶುರುಮಾಡಬೇಕಾಗಿದೆ.